ಗುಬ್ಬಿ ಅಂಗಿಯವನು

ಟ್ಯಾಬ್‌ಗಳಿಗೆ ಕುಂಕುಮ ಹಚ್ಚಿದ ದಿನವೇ ಮೃದುಲಾ ಅವನನ್ನು ಕೋಣ ಎಂದು ಕರೆದಳು.

ಓಝರ್‌ನ ವಿಮಾನ ಕಾರ್ಖಾನೆಯ ಟೌನ್‌ಶಿಪ್‌ಗೆ ಹೊಂದಿಕೊಂಡಂತೆ ಇದ್ದ ಮರಾಠಿ ಪ್ರಾಥಮಿಕ ಶಾಲೆ ಅದು. ಎರಡನೆಯ ತರಗತಿಯ ಮಕ್ಕಳಿಗೆ ಓದಲು ಕಲಿಸುತ್ತೇವೆಂದು ಸಂಭಾಜಿನಗರದ ಒಂದು ಕಂಪನಿ ಟ್ಯಾಬ್‌ಗಳನ್ನು ಕಳಿಸಿತ್ತು. ಶಾಲೆಯ ಮುಖ್ಯಾಧ್ಯಾಪಿಕೆ, ಟೀಚರಿಗೆ ‘ಬಾಯಿ’ ಎನ್ನುವ ಆ ಊರಿನಲ್ಲಿ ಎಲ್ಲರೂ ಹೆಡ್‌ಬಾಯಿ ಎನ್ನುವವರು, ರೇಷ್ಮೆ ಸೀರೆ ಉಟ್ಟು ಬಂದು ತೆಂಗಿನಕಾಯಿ ಒಡೆದು ಒಂದೊಂದೇ ಟ್ಯಾಬ್‌ಗೆ ಬೊಟ್ಟಿಟ್ಟರು. ಬೊಟ್ಟು ಕ್ಯಾಮೆರಾದ ಮೇಲೇ ಕೂತಿತು. ಆ ವಾರವಿಡೀ ಮಕ್ಕಳು ತೆಗೆದ ಫೋಟೊಗಳಲ್ಲಿ ಜಗತ್ತು ಕೆಂಪಗಿತ್ತು.

ಕಂಪನಿಯ ಕಡೆಯಿಂದ ಬಂದವನ ಹೆಸರು ಮಧುಕರ ದೇಶಪಾಂಡೆ. ಎತ್ತರದ ಆಳು, ಮೈಮೇಲೆ ಹಳದಿ ಟೀ ಶರ್ಟ್, ಎದೆಯ ಮೇಲೆ ದೊಡ್ಡದೊಂದು ಗುಬ್ಬಿ. ಆ್ಯಪ್‌ನ ಹೆಸರು ‘ಚಿಮಣಿ’. ಮರಾಠಿಯಲ್ಲಿ ಗುಬ್ಬಿಗೆ ಹಾಗೆನ್ನುತ್ತಾರೆ. ಅವನು ಮರಾಠಿಯಲ್ಲಿ ಭಾಷಣ ಮಾಡುತ್ತಿದ್ದಾಗ ಮೃದುಲಾ ಪಕ್ಕದಲ್ಲಿದ್ದ ಸುಭದ್ರಾಬಾಯಿಯ ಕಡೆ ವಾಲಿ, ದನಿಯನ್ನು ಸ್ವಲ್ಪವೂ ತಗ್ಗಿಸದೆ ಹೇಳಿದಳು.

“ನೋಡ್ರಿ, ಗುಬ್ಬಿ ಅಂಗಿ ಹಾಕ್ಕೊಂಡು ಕೋಣ ಬಂದದ.”

ತಗ್ಗಿಸುವ ಅಗತ್ಯವಿರಲಿಲ್ಲ. ಶಾಲೆಯ ಸಿಬ್ಬಂದಿಯಲ್ಲಿ ಕನ್ನಡ ಬರುವವರು ಇಬ್ಬರೇ. ಹುಬ್ಬಳ್ಳಿಯಿಂದ ಬ್ಯಾಂಕಿನಲ್ಲಿದ್ದ ಗಂಡನ ಜೊತೆ ವರ್ಗವಾಗಿ ಬಂದಿದ್ದ ಸುಭದ್ರಾಬಾಯಿ, ಮತ್ತು ಗದುಗಿನ ಕಡೆಯಿಂದ ಬಂದು ಕಾರ್ಖಾನೆಯಲ್ಲಿ ಟೆಕ್ನಿಶಿಯನ್ ಆಗಿದ್ದ ಹಿರಿಯಣ್ಣನವರ ಮಗಳು, ಎರಡನೆಯ ತರಗತಿಯ ಟೀಚರ್ ಮೃದುಲಾ. ಕನ್ನಡ ಅವರಿಬ್ಬರ ನಡುವಿನ ಕೋಣೆಯಂತಿತ್ತು. ಅದರೊಳಗೆ ಹೋಗಿ ಬಾಗಿಲು ಹಾಕಿಕೊಂಡು ಯಾರನ್ನು ಬೇಕಾದರೂ ಬೈಯಬಹುದಿತ್ತು.

ಮೃದುಲಾ ಎಂಬ ಹೆಸರನ್ನು ಇಟ್ಟವರು ಅವಳು ಮಾತಾಡುವ ಮೊದಲೇ ಇಟ್ಟುಬಿಟ್ಟಿದ್ದರು. ಅವಳ ನಾಲಗೆ ಕಂಡವರಿಗೆಲ್ಲ ಆ ಹೆಸರು ತಮಾಷೆ ಎನಿಸುತ್ತಿತ್ತು. ನೋಡಲು ಬಂದ ವರಗಳನ್ನು ಅವಳು ಚಹಾದ ಕಪ್ಪು ಬರಿದಾಗುವಷ್ಟರಲ್ಲಿ ತೂಗಿ ಬಿಸಾಕುತ್ತಿದ್ದಳು. ಒಬ್ಬ ತನ್ನ ಫೋನಿನ ಬೆಲೆ ಹೇಳಿದ; ಇನ್ನೊಬ್ಬ, ಟೀಚರ್ ಕೆಲಸ ಹೆಂಗಸರಿಗೆ ಒಳ್ಳೆಯದು, ಮಧ್ಯಾಹ್ನವೇ ಮನೆಗೆ ಬರಬಹುದಲ್ಲ ಎಂದ. ಹಿರಿಯಣ್ಣನವರು ಬೇಸರಪಟ್ಟು ಕೇಳುವುದನ್ನೇ ಬಿಟ್ಟಿದ್ದರು.

ಮಧುಕರ ಪ್ರತಿ ಮಂಗಳವಾರ ಬರತೊಡಗಿದ. ತರಗತಿಯ ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಬರುತ್ತಿದ್ದ. ಮಕ್ಕಳ ಜೊತೆ ನೆಲದ ಮೇಲೆ ಕೂರುತ್ತಿದ್ದ. ಕೂತರೆ ಮೊಣಕಾಲು ಕಿವಿಯವರೆಗೆ ಬರುತ್ತಿತ್ತು. ನಗುವಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಇವನ್ನೆಲ್ಲ ಮೃದುಲಾ ಸ್ಟಾಫ್ ರೂಮಿನಲ್ಲಿ ಅವನೆದುರೇ ಸುಭದ್ರಾಬಾಯಿಗೆ ವರದಿ ಮಾಡುತ್ತಿದ್ದಳು. ಬೂಟು ಬಿಚ್ಚುವುದು ನಾಟಕ, ನೆಲದ ಮೇಲೆ ಕೂರುವುದು ಫೋಟೊಗಾಗಿ, ಗುಳಿ ದೇವರು ಅರ್ಧಕ್ಕೇ ಬಿಟ್ಟ ಕೆಲಸ. ಅವನು ಮೂಲೆಯ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿರುತ್ತಿದ್ದ. ಒಮ್ಮೊಮ್ಮೆ ತಲೆ ಎತ್ತಿ ಅವಳನ್ನು ನೋಡುತ್ತಿದ್ದ, ಪಾಠ ಕೇಳುವ ಹುಡುಗನ ಹಾಗೆ. ಅವಳು ತಿರುಗಿ ನೋಡಿದರೆ ಕಣ್ಣು ಕೆಳಗಿಳಿಯುತ್ತಿತ್ತು, ಆದರೆ ಅವಸರದಲ್ಲಿ ಅಲ್ಲ.

“ಇಷ್ಟು ಬಾರೀಕಾಗಿ ನೋಡಿ ಬೈಯೋದು ನಾ ಎಲ್ಲೂ ಕಂಡಿಲ್ಲ ಬಿಡವಾ,” ಎಂದು ಸುಭದ್ರಾಬಾಯಿ ಒಂದು ದಿನ ಅಂದರು. ಮೃದುಲಾಗೆ ಆ ಮಾತು ಸೇರಲಿಲ್ಲ.

ಅವಳ ಹೆಚ್ಚಿನ ತಿರಸ್ಕಾರವೆಲ್ಲ ಆ ಆ್ಯಪ್‌ಗೆ ಮೀಸಲಾಗಿತ್ತು. ಪರದೆಯ ಮೇಲೆ ಒಂದು ಪದ, ಅದರ ಕೆಳಗೆ ಮೂರು ಚಿತ್ರ. ಮಗು ಸರಿಯಾದ ಚಿತ್ರ ಒತ್ತಿದರೆ ಚಪ್ಪಾಳೆ, ನಕ್ಷತ್ರ. ತಪ್ಪು ಒತ್ತಿದರೂ ಚಪ್ಪಾಳೆ, ಯಾಕೆಂದರೆ ಮಕ್ಕಳ ಮನಸ್ಸು ನೋಯಬಾರದಂತೆ. ಮಕ್ಕಳು ಎರಡೇ ದಿನದಲ್ಲಿ ಯಂತ್ರದ ಗುಟ್ಟು ಹಿಡಿದರು. ಪದ ನೋಡುವ ಗೋಜಿಗೇ ಹೋಗದೆ ಚಿತ್ರಗಳನ್ನು ಸರಸರ ಒತ್ತುತ್ತಿದ್ದರು. ತರಗತಿಯಿಡೀ ಮದುವೆ ಮನೆಯ ಹಾಗೆ ಚಪ್ಪಾಳೆ. ಇಂಟರ್ನೆಟ್‌ನಲ್ಲಿ ಹುಡುಕುವುದು ಕಲಿಯಲಿ ಎಂದು ಮೈಕಿನ ಗುಂಡಿ ಕೊಟ್ಟಿದ್ದರು. ಒಂದು ಹುಡುಗಿ ಕಪ್ಪೆ ಎಲ್ಲಿ ಮಲಗುತ್ತದೆ ಎಂದು ಕೇಳಿದರೆ ಅದು ಹಾಸಿಗೆ ಮಾರುವ ಅಂಗಡಿಗಳನ್ನು ತೋರಿಸಿತು. ಹೆಡ್‌ಬಾಯಿಯ ಫೋನಿಗೆ ಮಾತ್ರ ವಾರವಾರವೂ ಹಸಿರು ಗೆರೆ ಏರುವ ಚಿತ್ರ ಬರುತ್ತಿತ್ತು. ಅವರು ಅದನ್ನು ತರಕಾರಿಯವನಿಗೂ ತೋರಿಸಿದ್ದರು.

ಮೃದುಲಾ ಒಂದು ದಿನ ಟ್ಯಾಬ್‌ನ ಕೆಳಭಾಗಕ್ಕೆ ರಟ್ಟಿನ ತುಂಡು ಅಡ್ಡ ಹಿಡಿದು, ಚಿತ್ರಗಳನ್ನು ಮರೆಮಾಡಿ, ಪದವಷ್ಟನ್ನೇ ತೋರಿಸಿದಳು. ನಕ್ಷತ್ರಗಳ ರಾಶಿ ಹಾಕಿದ್ದ ಮಕ್ಕಳು ಕಣ್ಣು ಕಣ್ಣು ಬಿಟ್ಟರು. ಆಮೇಲಿನ ಮಂಗಳವಾರ ಸ್ಟಾಫ್ ರೂಮಿನಲ್ಲಿ ಅದನ್ನೆಲ್ಲ ರಸವತ್ತಾಗಿ ಕನ್ನಡದಲ್ಲಿ ಹೇಳಿದಳು. ಈ ಕೋಣನಿಗೆ ಅದು ತಿಳಿಯುವುದು ಯಾವಾಗ, ಅವನಿಗೇ ಒಂದು ರಟ್ಟು ಅಡ್ಡ ಹಿಡಿಯಬೇಕು ಎಂದಳು.

ಮುಂದಿನ ವಾರ ಆ್ಯಪ್‌ನಲ್ಲಿ ಹೊಸ ಗುಂಡಿಯೊಂದು ಬಂದಿತ್ತು. ಒತ್ತಿದರೆ ಚಿತ್ರಗಳು ಮುಚ್ಚಿಕೊಳ್ಳುತ್ತಿದ್ದವು.

ಕಾಕತಾಳೀಯ ಎಂದುಕೊಂಡಳು. ತಪ್ಪಿಗೂ ಚಪ್ಪಾಳೆ ತಟ್ಟುವುದನ್ನು ಬೈದಳು. ಮರುವಾರ ತಪ್ಪಿಗೆ ಚಪ್ಪಾಳೆ ನಿಂತಿತು. ಅಕ್ಷರ ಇಷ್ಟು ಚಿಕ್ಕದಿದ್ದರೆ ಮಕ್ಕಳ ಕಣ್ಣು ಹೋಗಲಿಕ್ಕೇ ಸರಿ ಎಂದಳು, ಅಕ್ಷರ ದೊಡ್ಡದಾಯಿತು. ಕಂಪನಿಯಲ್ಲಿ ಯಾರೋ ಒಬ್ಬನಾದರೂ ತಲೆ ಇರುವವನಿದ್ದಾನೆ, ಆದರೆ ಇಲ್ಲಿಗೆ ಕಳಿಸುವುದು ಮಾತ್ರ ಇಂಥವನನ್ನು ಎಂದು ಸುಭದ್ರಾಬಾಯಿಗೆ ಹೇಳಿ ನಿಟ್ಟುಸಿರಿಟ್ಟಳು. ಮೂಲೆಯ ಕುರ್ಚಿಯಲ್ಲಿ ಗುಳಿ ಮೂಡಿ ಮಾಯವಾಯಿತು.

ಗಣಪತಿ ಹಬ್ಬ ಮುಗಿದ ವಾರ ಅವಳು ಆ್ಯಪ್‌ನ ಹೆಸರಿಗೇ ಕೈಹಾಕಿದಳು. ನಮ್ಮ ಕಡೆ ಚಿಮಣಿ ಅಂದರೆ ಸೀಮೆಎಣ್ಣೆ ಬುಡ್ಡಿ. ಅದಾದರೂ ಕತ್ತಲಿದ್ದಾಗ ಬೆಳಕು ಕೊಡುತ್ತಿತ್ತು, ಇದಕ್ಕೆ ಎಣ್ಣೆಯಿಲ್ಲ, ಬತ್ತಿಯಿಲ್ಲ, ಬರೀ ಹೊಗೆ ಎಂದಳು.

ಮೂಲೆಯಿಂದ ನಗು ಸಿಡಿಯಿತು. ತಡೆದು ತಡೆದು ಕೊನೆಗೆ ಮೂಗಿನಿಂದ ಬಂದ ನಗು.

ಅವನು ಲ್ಯಾಪ್‌ಟಾಪ್ ಮುಚ್ಚಿ ಎದ್ದು ನಿಂತ.

“ಎಣ್ಣಿ ನೀವು ಹಾಕ್ಲಿಕತ್ತೀರಲ್ಲರಿ ವಾರಾವಾರಾ,” ಎಂದ, ಅಪ್ಪಟ ವಿಜಯಪುರದ ಕನ್ನಡದಲ್ಲಿ.

ಅವನ ತಂದೆ ಟಪಾಲು ಖಾತೆಯವರು, ವಿಜಯಪುರದಿಂದ ವರ್ಗವಾಗಿ ಸಂಭಾಜಿನಗರಕ್ಕೆ ಬಂದು ಅಲ್ಲೇ ನೆಲೆಸಿದವರು. ದೇಶಪಾಂಡೆ ಎಂಬುದು ಗಡಿಯ ಎರಡೂ ಕಡೆ ಇರುವ ಹೆಸರೆಂಬುದು ಮೃದುಲಾಗೆ ಹೊಳೆದಿರಲೇ ಇಲ್ಲ. ಸುಭದ್ರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು.

ಮೃದುಲಾಳ ಮುಖ ಕಿವಿಯವರೆಗೆ ಬಿಸಿಯಾಯಿತು. ಕೋಣ, ನಾಟಕ, ದೇವರು ಅರ್ಧಕ್ಕೆ ಬಿಟ್ಟ ಗುಳಿ, ಎಲ್ಲವೂ ಒಂದೇ ಸಲ ನೆನಪಾದವು. ನಾಚಿಕೆಯಾದಾಗ ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ. ಗೋಡೆಗೆ ಕಿವಿಯಿಟ್ಟು ಕೇಳುವವರನ್ನು ತಾನು ಕೋಣಕ್ಕಿಂತ ಕೆಳಗೆ ಇಡುತ್ತೇನೆ ಎಂದು ಮರಾಠಿಯಲ್ಲಿ, ಅತ್ಯಂತ ಗೌರವದ ಮರಾಠಿಯಲ್ಲಿ ಹೇಳಿ ತರಗತಿಗೆ ನಡೆದಳು.

ಅಂದಿನಿಂದ ಅವನೆದುರು ಕನ್ನಡ ಬಂದ್. ಬೈಗುಳವೂ ಬಂದ್. ಎಲ್ಲ ಹೇಗಿದೆ ಎಂದು ಅವನು ಕೇಳಿದರೆ ಮರಾಠಿಯಲ್ಲಿ ‘ಛಾನ್’, ಚೆನ್ನಾಗಿದೆ ಎನ್ನುತ್ತಿದ್ದಳು. ಎರಡು ಮಂಗಳವಾರ ‘ಛಾನ್’ ಕೇಳಿದ ಮೇಲೆ ಅವನು ಕಾರಿಡಾರಿನಲ್ಲಿ ಅವಳನ್ನು ತಡೆದ.

“ಬೈರಿ ನನಗ. ಹತ್ತು ಸಾಲಿಗೆ ಹೋಗ್ತೀನಿ, ಎಲ್ಲಾರೂ ಚಲೋ ಅದ ಅಂತಾರ. ಖರೇ ಹೇಳಿದವರು ನೀವು ಒಬ್ಬರ. ನಾ ಮಂಗಳವಾರ ಯಾಕ ಬರ್ತಿದ್ದೆ ಅಂತೀರಿ?”

ಕೊನೆಯ ಮಾತು ಬಾಯಿ ತಪ್ಪಿ ಬಂದಿತ್ತು. ಅವನ ಕಿವಿ ಕೆಂಪಾಯಿತು. ಅವಳು ಅದನ್ನು ನೋಡಿದಳು, ಮತ್ತು ಅಂದು ಅದನ್ನು ಯಾರಿಗೂ ವರದಿ ಮಾಡಲಿಲ್ಲ.

ಮೃದುಲಾಳ ತರಗತಿಯಲ್ಲಿ ರುಚಿತಾ ಎಂಬ ಹುಡುಗಿ ಇದ್ದಳು. ತಂದೆ ಕಾರ್ಖಾನೆಯಲ್ಲಿ ಫಿಟ್ಟರ್; ಮನೆಯಲ್ಲಿ ಅವಳನ್ನು ನೋಡಿಕೊಳ್ಳುತ್ತಿದ್ದವಳು ಅಜ್ಜಿ ಸಂಗಮ್ಮ. ಹಿಂದಿನ ವರ್ಷ ಬಾಗಲಕೋಟೆಯ ಕಡೆಯಿಂದ ಬಂದ ಹೊಸದರಲ್ಲಿ, ಆಗಿದ್ದ ಟೀಚರು ‘ಹತ್ತಿ’ ಎಂದು ಓದಿಸಿ ಹಾಗೆಂದರೇನು ಎಂದು ಕೇಳಿದ್ದರು. ಮರಾಠಿಯಲ್ಲಿ ಹತ್ತಿ ಎಂದರೆ ಆನೆ. ರುಚಿತಾ, ಅದರಿಂದ ಬಟ್ಟೆ ಮಾಡುತ್ತಾರೆ ಎಂದಳು. ತರಗತಿ ಬಿದ್ದು ಬಿದ್ದು ನಕ್ಕಿತು, ಟೀಚರೂ ನಕ್ಕರು. ಅಂದು ಮುಚ್ಚಿದ ಬಾಯಿ ತರಗತಿಯಲ್ಲಿ ಮತ್ತೆ ತೆರೆದಿರಲಿಲ್ಲ. ಮೃದುಲಾ ಮುದ್ದು ಮಾಡಿ ನೋಡಿದಳು, ಕನ್ನಡದಲ್ಲಿ ಕತೆ ಹೇಳಿ ನೋಡಿದಳು. ಹುಡುಗಿ ಮುಗುಳ್ನಗುತ್ತಿದ್ದಳು, ಅಷ್ಟೇ. ಓದಲು ಬರುವುದೇ ಇಲ್ಲವೇನೋ ಎಂಬ ಅಳುಕು ಮೃದುಲಾಳನ್ನು ಮನೆಯವರೆಗೆ ಹಿಂಬಾಲಿಸುತ್ತಿತ್ತು.

ಒಂದು ಮಂಗಳವಾರ ಮಧುಕರ ಹೆಡ್‌ಫೋನನ್ನು ಮೃದುಲಾಳ ಕೈಗೆ ಕೊಟ್ಟ. ಆ್ಯಪ್‌ನಲ್ಲಿ ದನಿ ಮುದ್ರಿಸುವ ಗುಂಡಿಯಿತ್ತು. ಯಾರೂ ಬಳಸದ ಗುಂಡಿ ಎಂದು ಮೃದುಲಾ ಅದನ್ನು ಬೈಯುವ ಗೋಜಿಗೂ ಹೋಗಿರಲಿಲ್ಲ. ಕಿವಿಯಲ್ಲಿ ಪಿಸುದನಿಯೊಂದು ಮರಾಠಿ ಕತೆ ಓದತೊಡಗಿತು. ತಡವರಿಸಿ, ಹಿಂದೆ ಹೋಗಿ, ತಿದ್ದಿಕೊಂಡು, ಮುಂದೆ ಸಾಗಿ. ಒಂದು ಕತೆ, ಇನ್ನೊಂದು ಕತೆ. ಕಪಾಟಿನ ಹಿಂದೆ ಕೂತು ರುಚಿತಾ ಟ್ಯಾಬ್‌ಗೆ ಓದಿ ಹೇಳುತ್ತಿದ್ದಳು, ತನ್ನ ದನಿಯನ್ನು ತಾನೇ ಕೇಳುತ್ತಿದ್ದಳು.

ಮೃದುಲಾ ಕಿಟಕಿಯ ಕಡೆ ತಿರುಗಿ ನಿಂತಳು. ಹೆಡ್‌ಫೋನು ತೆಗೆದು, ಕನ್ನಡದಲ್ಲಿ ಕೇಳಿದಳು.

“ಅದರ ಮುಂದ ಯಾಕ ಓದ್ತಾಳ? ನನ್ನ ಮುಂದ ಯಾಕ ಓದಂಗಿಲ್ಲ?”

“ಅದು ನಗಂಗಿಲ್ಲಲ್ಲರಿ,” ಎಂದ ಅವನು.

ಅವಳು ಕಣ್ಣು ಒರೆಸಿಕೊಂಡದ್ದನ್ನು ಅವನು ನೋಡಲಿಲ್ಲ, ಅಥವಾ ನೋಡಿಲ್ಲವೆನ್ನುವಷ್ಟು ಮರ್ಯಾದೆ ಅವನಿಗಿತ್ತು. ಆ ಸಂಜೆ ಗೇಟಿನವರೆಗೆ ಇಬ್ಬರೂ ಜೊತೆಗೆ ನಡೆದರು. ನಿಮ್ಮ ಆ್ಯಪ್‌ನಲ್ಲಿ ಉಪಯೋಗಕ್ಕೆ ಬರುವುದು ಅದೊಂದೇ ಗುಂಡಿ, ಉಳಿದದ್ದನ್ನು ಗೋದಾವರಿಗೆ ಹಾಕಿ ಎಂದಳು. ಅವನು ಬೈಕಿನ ಮೇಲೆ ಕೂತವನು ಕೀಲಿ ತಿರುಗಿಸುವುದನ್ನು ಮರೆತು ಅವಳನ್ನೇ ನೋಡಿದ. ಬೈಗುಳ ಮರಳಿ ಬಂದಿತ್ತು. ಅವನಿಗೆ ಅಷ್ಟು ಸಾಕಿತ್ತು.

ಅಕ್ಟೋಬರಿನಲ್ಲಿ ಕಂಪನಿ ಸಂಭಾಜಿನಗರದ ಹೋಟೆಲೊಂದರಲ್ಲಿ ದೊಡ್ಡ ಕಾರ್ಯಕ್ರಮ ಇಟ್ಟುಕೊಂಡಿತು. ಓಝರ್ ಶಾಲೆಗೆ ಬಹುಮಾನವಿದೆ, ರುಚಿತಾಳನ್ನು ಕರೆತರಬೇಕು ಎಂಬ ಆಹ್ವಾನ ಬಂತು. ಹೆಡ್‌ಬಾಯಿ ಹೊಸ ಸೀರೆ ತಂದರು. ಬಹುಮಾನ ಯಾತಕ್ಕೆಂದು ಮೃದುಲಾ ಕೇಳಿದರೆ ‘ತಂತ್ರಜ್ಞಾನಕ್ಕೆ’ ಎಂದರು, ಅದೊಂದು ದೇವತೆಯ ಹೆಸರೆಂಬಂತೆ. ಕಾರಿನಲ್ಲಿ ಹೆಡ್‌ಬಾಯಿ, ಸಂಗಮ್ಮ, ರುಚಿತಾ, ಮೃದುಲಾ. ಯೇವಲಾ, ವೈಜಾಪುರ ದಾಟುವವರೆಗೂ ಹೆಡ್‌ಬಾಯಿ ಭಾಷಣ ಬಾಯಿಪಾಠ ಮಾಡಿದರು. ಮೃದುಲಾ ಕಿಟಕಿಯಾಚೆ ನೋಡುತ್ತ, ಅವನು ಇಂದೂ ಆ ಹಳದಿ ಅಂಗಿಯನ್ನೇ ಹಾಕಿರುತ್ತಾನೇನೋ ಎಂದು ಯೋಚಿಸಿದಳು, ಯೋಚಿಸಿದ್ದಕ್ಕೆ ತನ್ನನ್ನೇ ಹೀಯಾಳಿಸಿಕೊಂಡಳು.

ಹೋಟೆಲಿನ ಬಾಗಿಲಲ್ಲಿ ಆಳೆತ್ತರದ ಪೋಸ್ಟರ್ ನಿಲ್ಲಿಸಿದ್ದರು. ಅದರಲ್ಲಿ ರುಚಿತಾಳ ಫೋಟೊ. ಮೇಲೆ ದಪ್ಪ ಅಕ್ಷರಗಳಲ್ಲಿ ಮರಾಠಿಯಲ್ಲಿ ಹೀಗಿತ್ತು: ಮೂಕ ಹುಡುಗಿಗೆ ಮಾತು ಕೊಟ್ಟ ಚಿಮಣಿ. ಅವಳ ದನಿಯನ್ನು ಇಂದೇ ಕೇಳಿ.

ಓದು ಕಲಿಸಿದ್ದೇವೆಂದು ಊರಿಗೆಲ್ಲ ಡಂಗುರ ಹೊಡೆದ ಮಹಾನುಭಾವರಲ್ಲಿ ಒಬ್ಬನಿಗೂ, ಆ ಹುಡುಗಿ ಇದನ್ನು ಓದಬಲ್ಲಳು ಎಂದು ಹೊಳೆದಿರಲಿಲ್ಲ.

ರುಚಿತಾ ಪೋಸ್ಟರಿನ ಮುಂದೆ ನಿಂತಳು. ತುಟಿಗಳು ಅಲುಗಿದವು. ಅಕ್ಷರಕ್ಕೆ ಅಕ್ಷರ ಕೂಡಿಸಿದಳು. ನಂತರ ಮೃದುಲಾಳ ಸೆರಗು ಹಿಡಿದು ಕನ್ನಡದಲ್ಲಿ ಕೇಳಿದಳು.

“ಬಾಯಿ, ನಾ ಮೂಕಿ ಏನ್ರಿ?”

ಮೃದುಲಾ ಹುಡುಗಿಯನ್ನು ಎತ್ತಿ ಸಂಗಮ್ಮನ ಕೈಗೆ ಕೊಟ್ಟಳು. ಅಷ್ಟರಲ್ಲಿ ಮಧುಕರ ಒಳಗಿನಿಂದ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಅವಳನ್ನು ಕಂಡು ಅರಳಿದ ಮುಖ, ಅವಳ ಕಣ್ಣು ನೋಡಿ ಅಲ್ಲೇ ನಿಂತಿತು.

“ಕೂಸಿನ ದನಿ ಯಾರು ಕೊಟ್ಟರು ಇವರಿಗೆ?” ಎಂದಳು ಅವಳು.

ಅವನು ಪೋಸ್ಟರ್ ನೋಡಿದ. ಈಗಲೇ ಮೊದಲ ಸಲ ನೋಡುತ್ತಿದ್ದಾನೆಂಬುದು ಮುಖದಲ್ಲಿ ಕಾಣುತ್ತಿತ್ತು. ಆದರೆ ಸುಳ್ಳು ಹೇಳಲಿಲ್ಲ. ಮುದ್ರಿಸಿದ ದನಿಗಳೆಲ್ಲ ನೆಟ್ ಮೂಲಕ ಕಂಪನಿಗೆ ಹೋಗುತ್ತವೆ, ಇದನ್ನು ತಾನೇ ಮೀಟಿಂಗಿನಲ್ಲಿ ಖುಷಿಗೆ ಎಲ್ಲರಿಗೂ ಕೇಳಿಸಿದೆ ಎಂದ.

ಮೃದುಲಾ ಅಂದು ಹೇಳಿದ ಮಾತುಗಳಲ್ಲಿ ತಮಾಷೆಯಿರಲಿಲ್ಲ. ಕಪಾಟಿನ ಹಿಂದೆ ಅಡಗಿ ಓದಿದ ಮಗುವಿನ ದನಿಯನ್ನು ನಿನ್ನ ಖುಷಿಗೆ ಸಂತೆಗೆ ತಂದೆ ಎಂದಳು. ಅದು ನಗುವುದಿಲ್ಲ ಎಂದೆಯಲ್ಲ, ಈಗ ಸಭೆಗೆ ಸಭೆಯೇ ಕೂತು ಕೇಳುತ್ತದೆ ಎಂದಳು. ಅಷ್ಟು ದಿನ ‘ನೀವು’ ಎಂದೇ ಬೈದವಳು ‘ನೀ’ ಎಂದದ್ದು ಇಬ್ಬರಿಗೂ ಕೇಳಿಸಿತು. ಅವನು ಪೋಸ್ಟರನ್ನು ಕಿತ್ತು, ಮಡಿಸಿ, ಗೋಡೆಗೆ ಒರಗಿಸಿಟ್ಟು ಒಳಗೆ ಹೋದ.

ವೇದಿಕೆಯ ಮೇಲೆ ಕಂಪನಿಯ ಮಾಲೀಕ ಮಿರಿಮಿರಿ ಕೋಟಿನಲ್ಲಿ ಕೂತಿದ್ದ. ಭವಿಷ್ಯ ಎಂಬ ಪದವನ್ನು ಅವನು ಪಾನ್ ಜಗಿದಂತೆ ಜಗಿಯುತ್ತಿದ್ದ. ಸರ್ಕಾರಿ ಅಧಿಕಾರಿಗಳು, ಶಾಲೆಗಳ ಟ್ರಸ್ಟಿಗಳು ತಟ್ಟೆಯಲ್ಲಿದ್ದ ಗೋಡಂಬಿಗೆ ಗಮನ ಕೊಟ್ಟು ತಲೆಯಾಡಿಸುತ್ತಿದ್ದರು. ಈಗ ಆ ದನಿ ಕೇಳಿ ಎಂದು ಅವನು ಮಧುಕರನನ್ನು ಕರೆದ. ಮೃದುಲಾ ರುಚಿತಾಳ ಪಕ್ಕದಲ್ಲಿ ಕೂತು ಅವಳ ಎರಡೂ ಕಿವಿಗಳನ್ನು ಮುಚ್ಚಲು ಕೈ ಎತ್ತಿದಳು.

ಮಧುಕರ ಮೈಕ್ ಹಿಡಿದ. ಕೇಳಿಸುವುದಕ್ಕೆ ಏನೂ ಇಲ್ಲ, ಈಗಷ್ಟೇ ಆ ದನಿಯನ್ನು ಅಳಿಸಿ ಬಂದೆ ಎಂದ. ಆ ಹುಡುಗಿ ಮೂಕಿಯಲ್ಲ, ಎರಡು ಭಾಷೆ ಬಲ್ಲವಳು. ಓದು ಕಲಿಸಿದ್ದು ಅವಳ ಟೀಚರು, ನಮ್ಮ ಯಂತ್ರ ಮಾಡಿದ್ದು ನಗದೆ ಸುಮ್ಮನೆ ಕೇಳಿದ್ದಷ್ಟೇ ಎಂದ. ಚಿತ್ರವಿದ್ದಾಗ ಮಕ್ಕಳು ಪಡೆದ ಅಂಕಗಳ ಗೆರೆಯನ್ನೂ ಚಿತ್ರ ಮುಚ್ಚಿದಾಗಿನ ಗೆರೆಯನ್ನೂ ಪರದೆಯ ಮೇಲೆ ಪಕ್ಕಪಕ್ಕದಲ್ಲಿ ತೋರಿಸಿದ. ಎರಡನೆಯದು ಎಷ್ಟು ಕೆಳಗಿತ್ತೆಂದರೆ ಗೋಡಂಬಿ ತಿನ್ನುತ್ತಿದ್ದವರೂ ತಲೆ ಎತ್ತಿದರು. ಮಾಲೀಕ ಅವನ ಕೈಯಿಂದ ಮೈಕ್ ಕಸಿಯುವ ಮೊದಲು ಅವನು ಮೊದಲ ಸಾಲಿನ ಕಡೆ ಬಾಗಿ, ಆ ಸಭೆಯಲ್ಲಿ ನಾಲ್ಕೇ ಜನರಿಗೆ ತಿಳಿಯುವ ಭಾಷೆಯಲ್ಲಿ ಹೇಳಿದ.

“ರುಚಿತಾ, ನಿನ್ನ ಕೇಳದೆ ನಿನ್ನ ದನಿ ತಗೊಂಡೆ. ತಪ್ಪಾತವಾ.”

ರುಚಿತಾ ಸ್ವಲ್ಪ ಯೋಚಿಸಿ, ಆಗಲಿ ಎಂಬಂತೆ ತಲೆಯಾಡಿಸಿದಳು. ಮೃದುಲಾಳ ಕೈ ಇನ್ನೂ ಗಾಳಿಯಲ್ಲೇ ಇತ್ತು.

ಬಹುಮಾನ ಯಾರಿಗೂ ಸಿಗಲಿಲ್ಲ. ವಾಪಸು ಬರುವಾಗ ಹೆಡ್‌ಬಾಯಿ ಉರಿಯುತ್ತಿದ್ದರು. ಆದರೂ ಸೀತಾಫಲದ ಕಾಲ, ಅವಮಾನವಾಯಿತೆಂದು ದೌಲತಾಬಾದಿನ ಸೀತಾಫಲ ಬಿಡಲಾದೀತೇ, ಡ್ರೈವರನಿಗೆ ಆ ದಾರಿ ಹಿಡಿಯಲು ಹೇಳಿದರು. ಮೃದುಲಾ ಫೋನ್ ತೆಗೆದಳು. ಮಧುಕರನ ನಂಬರನ್ನು ಅವಳು ಸೇವ್ ಮಾಡಿರಲಿಲ್ಲ. ಸೇವ್ ಮಾಡದೆಯೇ ಬಾಯಿಗೆ ಬರುತ್ತಿತ್ತು.

“ದೌಲತಾಬಾದಿಗೆ ಬರ್ರಿ,” ಎಂದಳು. “ಬೈಯೋದು ಇನ್ನೂ ಮುಗಿದಿಲ್ಲ.”

ಕೋಟೆಯ ಎದುರಿನ ರಸ್ತೆಬದಿಯಲ್ಲಿ ಸೀತಾಫಲದ ಬುಟ್ಟಿಗಳು ಸಾಲಾಗಿದ್ದವು. ಹೆಡ್‌ಬಾಯಿ ಒಬ್ಬೊಬ್ಬ ಮಾರುವವಳ ಜೊತೆಗೂ ಜಗಳ ಆರಂಭಿಸಿದರು. ಸಂಗಮ್ಮ ಮೊಮ್ಮಗಳನ್ನು ಕರೆದುಕೊಂಡು ಕೋಟೆಯ ಫಿರಂಗಿ ನೋಡಲು ಹೋದಳು. ಸಂಜೆಯ ಬಿಸಿಲು ಕೋಟೆಯ ಗುಡ್ಡದ ಮೇಲಿಂದ ಇಳಿಯುತ್ತಿದ್ದಾಗ ಮಧುಕರನ ಬೈಕ್ ಬಂದು ಬೇವಿನ ಮರದ ಕೆಳಗೆ ನಿಂತಿತು.

ಅವಳು ಕಟ್ಟೆಯ ಮೇಲೆ ಕೂತು ಒಂದು ಹಣ್ಣನ್ನು ಎರಡು ಹೋಳು ಮಾಡಿದ್ದಳು. ಒಂದನ್ನು ಅವನ ಕೈಗಿಟ್ಟಳು. ಇಬ್ಬರೂ ಸ್ವಲ್ಪ ಹೊತ್ತು ಬೀಜ ಉಗುಳಿದರು. ನೌಕರಿ ಹೋಯಿತೇ ಎಂದು ಕೇಳಿದಳು. ಸಭೆ ಮುಗಿಯುವುದಕ್ಕೂ ಕಾಯಲಿಲ್ಲ ಎಂದ ಅವನು.

“ಬೈರಿ ಈಗ,” ಎಂದ.

ಅವಳು ಬೈಯಲು ಬಾಯಿ ತೆರೆದಳು. ಹಳದಿ ಅಂಗಿ ನಿಮಗೆ ಒಪ್ಪುತ್ತಿರಲಿಲ್ಲ ಎಂದು ಆರಂಭಿಸಿದಳು. ಬಿಳಿಯದೂ ಅಷ್ಟಕ್ಕಷ್ಟೇ. ಆ ಸಭೆಯಲ್ಲಿ ನಿಮ್ಮ ಮರಾಠಿ ನಡುಗುತ್ತಿತ್ತು. ಪೋಸ್ಟರ್ ಹರಿಯಬೇಕಿತ್ತು, ಮಡಿಸಿಡುವ ಶಿಸ್ತು ಯಾಕೆ ಬೇಕಿತ್ತು. ಅಲ್ಲಿಗೆ ಮಾತು ಖಾಲಿಯಾಯಿತು. ಅವಳಿಗೆ ಹಾಗೆ ಹಿಂದೆಂದೂ ಆಗಿರಲಿಲ್ಲ. ಅವನ ಬೆರಳಿಗೆ ಅಂಟಿದ ಹಣ್ಣಿನ ತಿರುಳನ್ನು ನೋಡುತ್ತ ಕೂತಳು.

“ನಿಮ್ಮನ್ನ ಕೀಳಾಗಿ ನೋಡಬೇಕಂತ ಭಾಳ ಕಷ್ಟಪಟ್ಟೆ,” ಎಂದಳು ಕೊನೆಗೆ. “ಆಗಲಿಲ್ಲ. ಈ ಒಂದು ಕೆಲಸದಾಗ ನಾ ಸೋತೆ.”

ಅವನು ನಗಲಿಲ್ಲ. ಎಡಗೆನ್ನೆಯ ಗುಳಿ ಮಾತ್ರ ಮೆಲ್ಲಗೆ ಮೂಡಿ, ಈ ಸಲ ಮಾಯವಾಗದೆ ಉಳಿಯಿತು.

“ಮೊದಲ ದಿನ ಕೋಣ ಅಂದ್ರಲ್ಲ, ಅವತ್ತ ಮನಿಗೆ ಹೋಗಿ ಅವ್ವಗ ಹೇಳಿದ್ದೆ. ಓಝರ್‌ನ್ಯಾಗ ಒಬ್ಬಾಕಿ ಇದ್ದಾಳ, ಬಾಯಿ ತೆರೆದ್ರ ನಮ್ಮೂರು ನೆನಪಾಗ್ತದ ಅಂತ.” ಹಣ್ಣಿನ ಸಿಪ್ಪೆ ಕೆಳಗಿಟ್ಟು, ಈಗ ಕೆಲಸವೂ ಇಲ್ಲ, ನಿಮ್ಮ ತಂದೆಯವರ ಎದುರು ಯಾವ ಮುಖ ಹೊತ್ತು ಬರಲಿ ಎಂದ.

“ಇದ ಮುಖ ಹೊತ್ಕೊಂಡು ಬರ್ರಿ. ಅಪ್ಪ ಒಪ್ಪೋದು ಬಿಡೋದು ಅವರ ಪಾಲಿಂದು. ನನ್ನ ಪಾಲಿಂದು ನಾ ಹೇಳಿದೆ.”

ಅವಳು ಅವನ ಅಂಟು ಕೈಯನ್ನು ತನ್ನ ಅಂಟು ಕೈಯಲ್ಲಿ ಹಿಡಿದಳು. ತೊಳೆದುಕೊಳ್ಳಲು ನೀರಿಲ್ಲವೆಂದು ಇಬ್ಬರೂ ಬೇಗ ಬಿಡಲಿಲ್ಲ.

ಕಾರಿನ ಹಾರ್ನ್ ಕೇಳಿತು. ಹೆಡ್‌ಬಾಯಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು. ಮೃದುಲಾ ಹತ್ತಿದೊಡನೆ, ಮರದ ಕೆಳಗಿನವನು ನಮ್ಮ ಮಾನ ಕಳೆದ ಆ ಟ್ಯಾಬ್‌ನ ಹುಡುಗನಲ್ಲವೇ, ಅಂಥವನ ಜೊತೆ ಏನು ಮಾತು ಎಂದು ಗದರಿದರು.

ಮೃದುಲಾ ಬಾಗಿಲು ಹಾಕಿಕೊಂಡು, ಅತ್ಯಂತ ಗೌರವದ ಮರಾಠಿಯಲ್ಲಿ ಹೇಳಿದಳು: ಹೌದು ಬಾಯಿ, ಅವನೇ. ನಾನು ಮದುವೆಯಾಗುವವನು.

ವೈಜಾಪುರ ದಾಟುವವರೆಗೂ ಹೆಡ್‌ಬಾಯಿ ಬುಟ್ಟಿಯ ಸೀತಾಫಲಗಳನ್ನು ಮತ್ತೆ ಮತ್ತೆ ಎಣಿಸಿದರು.